ಕೊಕ್ಕಿ ಕೂಡಂಗಿಲ್ಲಂತ

ನಾನು ನನ್ನ ವೈನಿಗೆ ಸುಳ್ಳು ಹೇಳಿದೆ. ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ಒಂದು ಮಾತನ್ನು ಕನ್ನಡದಲ್ಲಿ ಹೇಳುವಾಗ ತಿರುವಿಬಿಟ್ಟೆ. ಅವರ ಎದುರಿಗೇ, ಅವರ ಮುಖ ನೋಡುತ್ತಲೇ.

ಎಲ್ಲ ಕೆಡಲು ಶುರುವಾದದ್ದು ಮಾತ್ರ ಅದಕ್ಕೂ ಕೆಲವು ತಿಂಗಳ ಹಿಂದೆ, ಮಧ್ಯಾಹ್ನ ಮೂರೂ ಕಾಲಿಗೆ. ಆ ಗಳಿಗೆಯಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ತಪ್ಪಿಸಿಕೊಳ್ಳಲಿಕ್ಕಲ್ಲ — ಅಂದು ನಾನು ಮಾಡಿದ ಒಳ್ಳೆಯ ಕೆಲಸವೇ ಮುಂದೆ ನನ್ನ ಸುಳ್ಳಿಗೆ ಬಲ ಕೊಟ್ಟಿತು, ಅದಕ್ಕೆ.

ನನ್ನ ತವರುಮನೆ ಕುಷ್ಟಗಿ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ ಶರಣಮ್ಮ, ಯಲಬುರ್ಗಾ ಕಡೆಯ ಹಳ್ಳಿಯವರು. ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ಶ್ಯಾವಿಗೆ ಯಂತ್ರ ನಡೆಸುತ್ತಿದ್ದರು. ಉಳಿದ ಕಾಲದಲ್ಲಿ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಯುಗಾದಿ ಹತ್ತಿರ ಬಂದಿತ್ತು. ಓಣಿಯ ಹೆಂಗಸರು ನಾದಿದ ಹಿಟ್ಟಿನ ಪಾತ್ರೆ ಮುಂದಿಟ್ಟುಕೊಂಡು ತಮ್ಮ ಪಾಳಿಗಾಗಿ ಕೂತಿದ್ದರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನು ಎಳೆಗಳನ್ನು ಕೋಲಿಗೆ ಹಾಕಿ ಮಾಳಿಗೆಯ ಮೇಲೆ ಒಣಗಿಸಲು ಒಯ್ಯುತ್ತಿದ್ದೆ.

ಹಿಟ್ಟನ್ನು ಯಂತ್ರದ ಬಾಯಿಗೆ ಒತ್ತಲು ಒಂದು ಕಟ್ಟಿಗೆಯ ತುಂಡು ಇತ್ತು. ಮಂದಿ ಹೆಚ್ಚಾದಾಗ ವೈನಿ ಅದನ್ನು ಬದಿಗಿಟ್ಟು ಎಡಗೈಯಿಂದಲೇ ಒತ್ತುತ್ತಿದ್ದರು. ಬಲಗೈ ಕೆಳಗೆ ಎಳೆ ಹಿಡಿಯುತ್ತಿತ್ತು. ಮೊದಲು ಬಳೆ ಸಿಕ್ಕಿತೋ, ಬೆರಳೇ ಸಿಕ್ಕಿತೋ — ಈಗಲೂ ನನಗೆ ಖಚಿತವಿಲ್ಲ. ಯಂತ್ರದ ಸದ್ದು ಬದಲಾಯಿತು, ಅಷ್ಟೆ. ಗರಗರ ಅನ್ನುತ್ತಿದ್ದದ್ದು ಒಮ್ಮೆಲೇ ತಗ್ಗಿ, ಏನನ್ನೋ ಅಗಿಯುವ ಹಾಗೆ —

ಓಡಿಹೋಗಿ ಸ್ವಿಚ್ ಆರಿಸಿದೆ. ಹೆಂಗಸರು ಕಿರುಚುತ್ತಿದ್ದರು. ವೈನಿ ಕಿರುಚಲಿಲ್ಲ. "ಚಕ್ರ ಹಿಂದಕ್ಕ ತಿರುವು ಸುಧಾ. ಮುಂದಕ್ಕಲ್ಲ, ಹಿಂದಕ್ಕ" ಅಂದರು. ಪರೀಕ್ಷೆಯ ದಿನ ಹಾಲ್ ಟಿಕೆಟ್ ತಗೊಂಡ್ಯಾ ಅಂತ ಕೇಳುತ್ತಿದ್ದ ಅದೇ ದನಿ. ಬೆಲ್ಟಿನ ಚಕ್ರವನ್ನು ಎರಡೂ ಕೈಯಿಂದ ಹಿಂದಕ್ಕೆ ತಿರುವಿದೆ. ಕೈ ಹೊರಬಂತು. ನನ್ನ ವೇಲನ್ನು ಅವರ ಮೊಣಕೈ ಕೆಳಗೆ ಬಿಗಿಯಾಗಿ ಕಟ್ಟಿದೆ. ಕೊಪ್ಪಳದ ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದೆವು. ಮೊಣಕೈಯಿಂದ ಕೆಳಗೆ ಒಂದು ಗೇಣಷ್ಟು ಉಳಿಸಿ ಮಿಕ್ಕದ್ದನ್ನು ತೆಗೆದರು. ಕೂಡಲೇ ಕಟ್ಟಿದ್ದರಿಂದ ಜೀವ ಉಳಿಯಿತು ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿದರು.

ಆ ಮಾತು ನಮ್ಮ ಓಣಿಗೆ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ನೋಡಲು ಬಂದ ಪಕ್ಕದ ಮನೆಯ ಬಸಮ್ಮಾಯಿ, "ಸುಧಾ ಇರ್ಲಿಲ್ಲಂದ್ರ ಶರಣಿ ಇಷ್ಟೊತ್ತಿಗೆ ಗ್ವಾಡಿಮ್ಯಾಲ ಫೋಟೋದಾಗ ಇರ್ತಿದ್ಲು ನೋಡ್ರಿ" ಅಂತ ನಗಿಸಲು ನೋಡಿದಳು. ಆಮೇಲೆ ವೈನಿಯ ಬಲಗೈ ಸವರಿ, "ಪುಣ್ಯಾ ಮಾಡಿ ನೀ. ಎಡಗೈಗೆ ಹೋತು. ಇದು ಹೋಗಿದ್ರ ಉಣ್ಣೋದರ ಹೆಂಗಿತ್ತವಾ?" ಅಂದಳು. ಬಂದವರೆಲ್ಲ ಹೀಗೇ ಅಂದರು. ವೈನಿ ತಲೆಯಾಡಿಸುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ — ಎಡಗೈ ತಾನೆ.

ಅಂದಿನಿಂದ ಮನೆಯಲ್ಲಿ ಎಲ್ಲಕ್ಕೂ ನನ್ನನ್ನು ಕೇಳತೊಡಗಿದರು. ಯಾವ ಗುಳಿಗೆ, ಯಾವ ಡಾಕ್ಟರು, ಯಾವಾಗ ಹೋಗಬೇಕು. "ಸುಧಾನ ಕೇಳ್ರಿ, ಜೀವಾ ಉಳಿಸಿದಾಕಿ ಆಕಿ" ಎಂದು ಅವ್ವ ಅನ್ನುತ್ತಿದ್ದಳು. ನನಗೆ ಅದು ಹಿತವಾಗಿತ್ತು. ಹಗಲು ಹಿತ; ಮಲಗಿದರೆ ಮಾತ್ರ ಆ ಚಕ್ರ. ಕನಸಿನಲ್ಲಿ ಅದನ್ನು ಮುಂದಕ್ಕೆ ತಿರುವಿಬಿಡುತ್ತಿದ್ದೆ. ಎದ್ದು ಕೂತು ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ.

ಗಾಯ ಮಾಯ್ದು ಬಾವು ಇಳಿದ ಮೇಲೆ ಕೊಪ್ಪಳದಲ್ಲಿ ಕೃತಕ ಕೈಕಾಲು ಜೋಡಿಸುವ ಶಿಬಿರ ನಡೆಯಿತು. ಒಬ್ಬರಿಗೆ ಒಂದೇ ಕೈ. ಯಾವುದು ಅಂತ ಅಂದೇ ಹೇಳಬೇಕು. ಅಣ್ಣನಿಗೆ ಕೆಲಸವಿತ್ತು. ನಾನು ಹೋದೆ.

ಅಳತೆ ತೆಗೆಯುವ ಹುಡುಗ ಹೊರ ರಾಜ್ಯದವನು. ಕನ್ನಡ ಬಾರದು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ಮೇಜಿನ ಮೇಲೆ ಎರಡು ಬಗೆಯ ಕೈಗಳಿದ್ದವು. ಒಂದು ರಬ್ಬರಿನದು — ಗೋಧಿ ಬಣ್ಣ, ಉಗುರು, ಗೆಣ್ಣಿನ ಮೇಲೆ ಗೆರೆ ಕೂಡ. ನೋಡಿದರೆ ಕೈಯೇ. ಆದರೆ ಏನನ್ನೂ ಹಿಡಿಯುವುದಿಲ್ಲ. ಇನ್ನೊಂದರ ತುದಿಗೆ ಉಕ್ಕಿನ ಕೊಕ್ಕೆ, ಎರಡು ಬಾಗಿದ ಬೆರಳಿನ ಹಾಗೆ. ಅದರ ತಂತಿ ಬೆನ್ನ ಮೇಲಿಂದ ಹೋಗಿ ಇನ್ನೊಂದು ಹೆಗಲಿನ ಪಟ್ಟಿಗೆ ಸೇರುತ್ತದೆ. ಹೆಗಲು ಮುಂದೆ ತಂದರೆ ಕೊಕ್ಕೆ ಬಾಯಿ ತೆರೆಯುತ್ತದೆ, ಸಡಿಲ ಬಿಟ್ಟರೆ ಮುಚ್ಚುತ್ತದೆ.

ನೋಡಲಿ ಅಂತ ಅವನು ಕೊಕ್ಕೆಯ ಮಾದರಿಯೊಂದನ್ನು ವೈನಿಯ ಕೈಗೆ ಕಟ್ಟಿದ. ವೈನಿ ಹೆಗಲು ಆಡಿಸಿದರು. ತೆರೆಯಿತು. ತಮ್ಮ ಸೆರಗಿನ ಚುಂಗನ್ನು ಅದಕ್ಕೆ ಕೊಟ್ಟರು. ಕಚ್ಚಿ ಹಿಡಿಯಿತು.

"ಯವ್ವಾ! ಹಿಡಿತೈತಲ್ಲ ಇದು!"

ಆಮೇಲೆ ನನ್ನ ವೇಲಿನ ತುದಿ ಹಿಡಿದು ಜಗ್ಗಿದರು. "ಬಾರಲೇ ಇಲ್ಲಿ. ನೋಡು, ನಮ್ಮ ಎಮ್ಮಿಗಿಂತ ಛಲೋ ಜಗ್ಗತೈತಿ."

ಯಂತ್ರಕ್ಕೆ ಕೈ ಸಿಕ್ಕ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ನೋಡಿದೆ. ಅವರಿಗೆ ಯಾವುದು ಬೇಕಾಗಿತ್ತು ಅಂತ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಹುಡುಗ ನನಗೆ ಹೇಳಿದ್ದು ಇಷ್ಟು: ಈ ಉದ್ದದ ಕೈಗೆ ಎರಡೂ ಚೆನ್ನಾಗಿ ಕೂಡುತ್ತವೆ. ರಬ್ಬರಿನದು ನೋಡುವವರಿಗೆ, ಕೊಕ್ಕೆ ಕೆಲಸಕ್ಕೆ. ಎಡಗೈ ಕಳೆದುಕೊಂಡ ಹೆಂಗಸರು ಬಾಯಿ ಬಿಟ್ಟು ಕೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ — ಪಾಯಖಾನೆಯಲ್ಲಿ ನೀರಿನ ಪೈಪನ್ನು ಈ ಕೊಕ್ಕೆಯಲ್ಲಿ ಹಿಡಿಯಲು ಕಲಿಸುತ್ತೇವೆ; ಉಣ್ಣುವ ಕೈ ಉಣ್ಣುವುದಕ್ಕೇ ಉಳಿಯುತ್ತದೆ. ಇದನ್ನು ಅವರಿಗೆ ತಿಳಿಸಿ, ಆಮೇಲೆ ಯಾವುದು ಬೇಕು ಎಂದು ಅವರನ್ನೇ ಕೇಳಿ.

ಗಂಡಸಿನ ಎದುರಿಗೆ ಆ ಮಾತು ಹೇಗೆ ಹೇಳಲಿ ಎಂದು ನಾಚಿಕೆಯಾಯಿತು. ಬಹಳ ವರ್ಷ ನನಗೆ ನಾನೇ ಈ ನಾಚಿಕೆಯನ್ನು ಕಾರಣವಾಗಿ ಹೇಳಿಕೊಂಡೆ. ಅದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಮುಂದಿನ ತಿಂಗಳು ಕಾರಟಗಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಭತ್ತದ ವ್ಯಾಪಾರದ ಮನೆತನ. ಪಡಸಾಲೆಯಲ್ಲಿ ಅವರು ಕೂತಿರುವುದು, ವೈನಿ ಉಕ್ಕಿನ ಕೊಕ್ಕೆಯಲ್ಲಿ ನೀರಿನ ತಂಬಿಗೆ ಹಿಡಿದು ಒಳಗೆ ಬರುವುದು, ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡುವುದು — ಇಷ್ಟೂ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು.

"ಏನಂತಾನ?" ಅಂತ ವೈನಿ ಕೇಳಿದರು.

"ಕೊಕ್ಕಿ ನಿಮ್ಮ ಕೈಗೆ ಕೂಡಂಗಿಲ್ಲಂತ, ವೈನಿ. ರಬ್ಬರಿಂದ ಹಾಕ್ತಾರಂತ."

ಅವರು ಕೊಕ್ಕೆಯನ್ನು ನೋಡಿದರು. "ಈಗ ಕೂಡೇತಲ್ಲ ಮತ್ತ?"

"ಅದು ಬರೇ ತೋರ್ಸಾಕ್ರಿ."

"ಹೌದನು..." ಎಂದು ಹೆಗಲಿನ ಪಟ್ಟಿ ಬಿಚ್ಚಲು ಕೈ ಹಾಕಿದರು. "ಆತು ಬಿಡು. ಓದಿದಾಕಿ ನೀ. ನಿನಗ ತಿಳಿತೈತಿ."

ಅವರು ರಬ್ಬರಿನದನ್ನೇ ಆರಿಸಿದ್ದಾರೆ ಎಂದು ನಾನು ಹುಡುಗನಿಗೆ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ವೈನಿಯ ಕಡೆ ತಿರುಗಿ ರಬ್ಬರಿನ ಕೈಯನ್ನು ಎತ್ತಿ ತೋರಿಸಿ, ಇದೇನಾ ಎಂದು ಸನ್ನೆಯಲ್ಲಿ ಕೇಳಿದ. ವೈನಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರೂ ಆಡಿಸಿದರು.

ಕಾರಟಗಿಯವರು ಬಂದರು. ವೈನಿ ಸೆರಗಿನ ಮರೆಯಲ್ಲಿ ರಬ್ಬರಿನ ಕೈ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಗಂಡಿನ ಸೋದರತ್ತೆ ಹೊರಡುವಾಗ ಅವ್ವನಿಗೆ ಹೇಳಿದ್ದು: "ನಿಮ್ಮ ಸೊಸಿ ಭಾಳ ಸಂಭಾವಿತ ಹೆಣ್ಮಗಳು ಬಿಡ್ರಿ. ಕೈ ಬಾಯಿ ಆಡಿಸಿ ಮಾತಾಡಂಗಿಲ್ಲ." ಆ ರಾತ್ರಿ ಅವ್ವ, ಅಣ್ಣ ಅದನ್ನು ನೆನೆದು ನೆನೆದು ನಕ್ಕರು. ವೈನಿಯೂ ನಕ್ಕರು. ನಾನೂ. ಮದುವೆಯಾಯಿತು. ವೈನಿಯ ಕೈ ವಿಷಯ ನನ್ನ ಗಂಡನ ಮನೆಯವರಿಗೆ ಆಮೇಲೆ ತಿಳಿಯಿತು. ಅಯ್ಯೋ ಪಾಪ ಎಂದರೇ ಹೊರತು ಬೇರೇನೂ ಅನ್ನಲಿಲ್ಲ. ನಾನು ಯಾರಿಗೆ ಹೆದರಿದ್ದೆನೋ ಅವರು ಹೆದರಿಕೆಗೆ ತಕ್ಕವರೇ ಆಗಿರಲಿಲ್ಲ.

ಕುಷ್ಟಗಿಗೆ ಹೋದಾಗಲೆಲ್ಲ ಅವ್ವನ ದೂರು ಕೇಳುತ್ತಿದ್ದೆ. ಯಂತ್ರ ಮಾರಿದ್ದು ಸರಿ; ಆದರೆ ಸೊಸೆ ಒಂದು ರೊಟ್ಟಿಯನ್ನೂ ಬಡಿಯುವುದಿಲ್ಲ. ಖಾನಾವಳಿಯವರು ತಾವಾಗಿ ಬಂದು ಕೇಳಿದರೂ ಒಲ್ಲೆ ಅಂದಳಂತೆ. "ಒಂದ ಕೈಲೆ ಬಡಿಯೋರು ಇಲ್ಲೇನು ಜಗತ್ತಿನ್ಯಾಗ? ಮೈಗಳ್ಳಿ ಆಗ್ಯಾಳ." ವೈನಿ ಕೈ ನೋಯುತ್ತದೆ ಎಂದಷ್ಟೇ ಹೇಳುತ್ತಿದ್ದರು. ಎಲ್ಲರ ಊಟವಾದ ಮೇಲೆ ಒಬ್ಬರೇ ಕೂತು ಚಮಚದಲ್ಲಿ ಉಣ್ಣುತ್ತಿದ್ದರು. ನಾನು ನೋಡಿದ್ದೆ — ನೋಡಿಯೂ ಯಾಕೆ ಅಂತ ಕೇಳಿರಲಿಲ್ಲ.

ನನ್ನ ಮಗಳಿಗೆ ಮೊದಲ ಸಲ ಅನ್ನ ಉಣಿಸುವ ದಿನ ವೈನಿಯನ್ನು ಕಾರಟಗಿಗೆ ಕರೆಸಿದೆ. ಸೋದರಮಾವನ ಹೆಂಡತಿ ಮೊದಲ ತುತ್ತು ಇಡಲಿ ಎಂದು ಕೂಸನ್ನು ಅವರ ತೊಡೆಯ ಮೇಲೆ ಕೂರಿಸಿ, ಮುಂದೆ ಬಟ್ಟಲು ಇಟ್ಟೆ. ಹಾಲು ಹಾಕಿ ಹಿಚುಕಿದ ಅನ್ನ. ವೈನಿ ಮೆಲ್ಲಗೆ, "ಚಮಚ ಕೊಡು" ಅಂದರು.

ನಮ್ಮತ್ತೆ ತಮಾಷೆಗೆ, "ಯಾಕ್ರೀ ಬೀಗರ, ನಮ್ಮ ಮೊಮ್ಮಗಳು ಕಲೆಕ್ಟರ್ ಏನು, ಚಮಚದಾಗ ಉಣ್ಣಾಕ? ಕೈಲೇ ಉಣ್ಣಸ್ರಿ" ಅಂದರು. ಎಲ್ಲರೂ ನಕ್ಕರು. ವೈನಿ ಕೂಸನ್ನು ಪಕ್ಕದವರ ತೊಡೆಗೆ ಕೊಟ್ಟು ಎದ್ದು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ.

"ನಿಮ್ಮತ್ತಿಗೆ ಏನ್ ಹೇಳ್ಲಿ ಸುಧಾ?" ಅಂದರು. "ಇರೋದು ಒಂದ ಕೈ. ಅದ ಕೈಲೆ ಕುಂಡಿ ತೊಳ್ಕೊಂಡು ಅದ ಕೈಲೆ ಕೂಸಿನ ಬಾಯಾಗ ಅನ್ನ ಇಡ್ಲೇನು? ಎಷ್ಟ ಸಾಬೂನು ಹಚ್ಚಿದ್ರೂ ನನಗ ಹೇಸಿಗಿ ಹೋಗವಲ್ದು. ನನಗ ನಾನ ಉಣ್ಣಾಕ ಆಗವಲ್ದು. ಮಂದಿಗೆ ಹೆಂಗ ರೊಟ್ಟಿ ಬಡದು ಕೊಡ್ಲಿ?"

ಶಿಬಿರದಲ್ಲಿ ನಾನು ಅವರಿಗೆ ದಾಟಿಸದೆ ನುಂಗಿದ ಮಾತು ಇದೇ ಆಗಿತ್ತು. ಉಣ್ಣುವ ಕೈ ಉಣ್ಣುವುದಕ್ಕೇ ಉಳಿಯುತ್ತದೆ.

ಅಲ್ಲೇ, ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಶಿಬಿರದ ಹುಡುಗ ಹೇಳಿದ್ದು, ನಾನು ಹೇಳಿದ್ದು, ಕಾರಟಗಿಯವರು ಬರುವವರಿದ್ದದ್ದು. ವೈನಿ ನನ್ನನ್ನು ಬೈಯಲಿಲ್ಲ. ಅಳಲೂ ಇಲ್ಲ. "ಕೂಡ್ತಿತ್ತನು?" ಅಂತ ಕೇಳಿದರು.

"ಕೂಡ್ತಿತ್ರಿ."

"ಆವತ್ತ ಕೂಡ್ತಿತ್ತು?"

"ಹೌದ್ರಿ."

ಆಮೇಲೆ ಅವರು ಹೇಳಿದರು: "ನನ್ನ ಒಬ್ಬಾಕಿ ಮುಂದ ಹೇಳಿದ್ರ ಮುಗೀಲಿಲ್ಲ. ನಾ ಮೈಗಳ್ಳಿ ಅನ್ನೋದನ್ನ ಓಣ್ಯಾಗೆಲ್ಲಾ ಕೇಳ್ಯಾರ. ಇದನ್ನೂ ಕೇಳ್ಲಿ."

ಮೊದಲು ತವರಿನಲ್ಲಿ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ. ನನ್ನೊಡನೆ ಮಾತಾಡಲು ಅವನಿಗೆ ತಿಂಗಳುಗಳೇ ಹಿಡಿದವು. ಅವ್ವ ಮಾತ್ರ, "ಹೋಗ್ಲಿ ಬಿಡು ಶರಣವ್ವ, ಏನೋ ಸಣ್ಣ ವಯಸ್ಸು. ಜೀವಾ ಉಳಿಸಿದಾಕಿ ಅಲ್ಲನು?" ಅಂದಳು.

"ಜೀವಾ ಬ್ಯಾರೆ, ಕೈ ಬ್ಯಾರೆ, ಅತ್ತಿ" ಅಂದರು ವೈನಿ. ಇಷ್ಟು ವರ್ಷ ನಾನು ಒಂದರ ಪುಣ್ಯದಲ್ಲಿ ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಅವರು ಅದನ್ನು ಬಿಡಿಸಿ ಬೇರೆ ಬೇರೆ ಇಟ್ಟರು.

ಕೊಕ್ಕೆ ಹಾಕಿಸಲು ವೈನಿ, ನಾನು ಹುಬ್ಬಳ್ಳಿಗೆ ಹೋದೆವು. ಈ ಸಲ ಅಳತೆ ತೆಗೆದದ್ದು ಕನ್ನಡ ಬಲ್ಲ ಹೆಣ್ಣುಮಗಳು. ಬಾಗಿಲ ಹತ್ತಿರ ವೈನಿ ನನ್ನ ಕಡೆ ತಿರುಗಿ, "ನೀ ಹೊರಗ ಕುಂದ್ರು. ನನ್ನ ಬಾಯಿ ನನಗೈತಿ" ಅಂದರು. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಅವರು ಏನೇನು ಕೇಳಿದರೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ.

ಕೊಕ್ಕೆ ಬಂದ ಮೇಲೂ ಒಮ್ಮೆಲೇ ಎಲ್ಲ ಸರಿಹೋಗಲಿಲ್ಲ. ಹೆಗಲು ಹುಣ್ಣಾಯಿತು. ಗಾಜಿನ ಲೋಟಗಳು ಒಡೆದವು. ಬಸಮ್ಮಾಯಿ, "ಶರಣಿ ಈಗ ಕೊಕ್ಕರಿ ಆಗ್ಯಾಳ" ಅಂತ ಓಣಿಯಲ್ಲಿ ಆಡಿಕೊಂಡಳು. "ಹೌದು, ಕುಕ್ಕತೀನಿ, ದೂರ ಇರು" ಎಂದು ವೈನಿ ತಿರುಗಿ ಹೇಳಿದರಂತೆ. ಹಿತ್ತಲಿನ ಪಾಯಖಾನೆಗೆ ಅಣ್ಣ ಪೈಪು ಹಾಕಿಸಿದ.

ಈ ದೀಪಾವಳಿಗೆ ಕುಷ್ಟಗಿಗೆ ಹೋಗಿದ್ದೆ. ಸಂಜೆ ವೈನಿ ಒಲೆಯ ಮುಂದೆ ಕೂತು ಹಿಟ್ಟು ನಾದಿದರು. ಬಲಗೈ ರೊಟ್ಟಿ ಬಡಿಯಿತು. ಕೊಕ್ಕೆಯ ಬೆನ್ನು ಅಂಚನ್ನು ತಳ್ಳಿ ತಳ್ಳಿ ತಿರುಗಿಸಿತು. ಒಂದು ಕಡೆ ದಪ್ಪ, ಒಂದು ಕಡೆ ಹರಿದ ರೊಟ್ಟಿ. ಬೇಯಿಸಿ ತಟ್ಟೆಗೆ ಹಾಕಿದರು. ನನಗೆ ಕೊಡುತ್ತಾರೇನೋ ಎಂದು ಒಂದು ಕ್ಷಣ ಕಾದೆ — ಅದನ್ನೂ ಒಪ್ಪಿಕೊಳ್ಳುತ್ತೇನೆ. ಕೊಡಲಿಲ್ಲ. ಮುರಿದು, ಪುಂಡಿಪಲ್ಯ ಹಚ್ಚಿಕೊಂಡು, ಬೆರಳುಗಳಿಂದ ತಾವೇ ಉಂಡರು. ನಿಧಾನವಾಗಿ. ಬೆರಳು ನೆಕ್ಕಿಕೊಂಡರು.

ಅವರು ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಓಣಿಯವರೆಲ್ಲ ಕೇಳಲಿ ಅಂದಿದ್ದರು. ಬಾಯಿಂದ ಹೇಳಿದ್ದು ಓಣಿಯಲ್ಲಿ ಬದಲಾಗುತ್ತ ಹೋಗುತ್ತದೆ, ಅದಕ್ಕೇ ಬರೆದಿದ್ದೇನೆ.

ವೈನಿ ರೊಟ್ಟಿ ಉಂಡ ಆ ರಾತ್ರಿ ಪಡಸಾಲೆಯಲ್ಲಿ, ಯಂತ್ರ ಇದ್ದ ಜಾಗದಲ್ಲೇ ಹಾಸಿಕೊಂಡು ಮಗಳ ಪಕ್ಕ ಮಲಗಿದೆ. ಆ ಚಕ್ರ ಕನಸಿಗೆ ಬರಲಿಲ್ಲ; ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು.