ರುದ್ರಕ್ಕನ ಎರಡು ಭರಣಿ

...ಇಲ್ಲ, ಕಡಲೆಬೀಜದ ಚೀಲ ಹಸಿರೇ ಇರಬೇಕು. ಬೇಳೆಯದು ರುದ್ರಕ್ಕ ತನ್ನ ಗಂಡನ ಹಳೆಯ ಅಂಗಿಯಿಂದ ಹೊಲಿದದ್ದು, ಅಕ್ಕಿಯದು ಕಿಟಕಿಯ ಪರದೆಯಿಂದ, ಕಡಲೆಬೀಜದ್ದು ಹಸಿರು ಕುಪ್ಪಸದ ಬಟ್ಟೆಯಿಂದ. ಬರೆಯುತ್ತಿದ್ದಂತೆಯೇ ಅನುಮಾನ: ಪರದೆಯೂ ಹಸಿರಾಗಿತ್ತಲ್ಲವೇ? ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ. ನನ್ನದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಂಬಬಹುದಾದದ್ದು ಇಷ್ಟು: ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಗಳು ಮಂಜುಳಳೊಂದಿಗೆ ಇದ್ದ ರುದ್ರಕ್ಕ ಒಂದು ಪ್ಲಾಸ್ಟಿಕ್ ಕವರನ್ನೂ ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಅಂಗಡಿಗೆ ಹೊರಟರೆ ಹೆಗಲ ಮೇಲೆ ಚೀಲಗಳು, ಕೈಯಲ್ಲಿ ಎಣ್ಣೆಗೆ ಸ್ಟೀಲ್ ಕ್ಯಾನು. ಚೀಲಗಳಿಗೆ ಹೆಸರು ಬರೆದಿರಲಿಲ್ಲ, ಬಟ್ಟೆಯೇ ಗುರುತು. ಕಣ್ಣು ಮುಚ್ಚಿ ಮುಟ್ಟಿದರೂ ಒಳಗೇನಿದೆ ಎಂದು ಹೇಳುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದಾಗ ಶೆಟ್ಟರ ಅಂಗಡಿಯಲ್ಲಿ ರವೆ ಬರೀ ಪ್ಯಾಕೆಟ್ಟಿನಲ್ಲಿತ್ತು.

"ಒಡ್ದು ಇದ್ರೊಳಕ್ಕೆ ಸುರೀರಿ ಶೆಟ್ರೆ."

"ಕವರ್ ಏನ್ ಮಾಡ್ಲಿ?"

"ನೀವೇ ಇಟ್ಕಳಿ."

"ಅಲ್ಲ ಕಣಮ್ಮ, ಕಸ ಮಾಯ ಆಯ್ತಾ? ನಿಮ್ಮನೆ ಬುಟ್ಟು ನನ್ನಂಗ್ಡಿಗೆ ಬಂತು, ಅಷ್ಟೆಯ."

ರುದ್ರಕ್ಕ ಗಲಿಬಿಲಿಗೊಂಡು ನನ್ನ ಮುಖ ನೋಡಿದಳು. "ನಮ್ಮನೆ ಕಸದ ಡಬ್ಬದ ಮಾತ್ ನಾನಾಡ್ತೀನಿ, ನಿಮ್ಮಂಗ್ಡೀದು ನೀವಾಡ್ಕಳಿ" ಎಂದು ಚೀಲಕ್ಕೆ ಗಂಟು ಹಾಕಿದಳು.

ಆ ಡಬ್ಬವೇ ಅವಳ ಹೆಮ್ಮೆ. ಸಿಪ್ಪೆ, ಮುಸುರೆ ಹಸುವಿಗೆ ಹೋಗುತ್ತಿತ್ತು. ಕಸದ ಗಾಡಿಯವಳು ಡಬ್ಬದೊಳಗೆ ಇಣುಕಿ, "ಏನ್ ರುದ್ರಕ್ಕ, ನಿಮ್ಮನೇಲಿ ಉಣ್ಣಾಕಿಲ್ವಾ?" ಎನ್ನುತ್ತಿದ್ದಳು.

"ಉಣ್ತೀವಿ ಕಣಮ್ಮ, ಕವರ್ ಉಣ್ಣಾಕಿಲ್ಲ."

ಒಂದು ದಿನ ಆ ಡಬ್ಬದ ತಳದಲ್ಲಿ ಇದ್ದದ್ದು ಖಾಲಿ ಮಾತ್ರೆ ಶೀಟುಗಳು ಮಾತ್ರ. "ಈ ದರಿದ್ರದ್ದೊಂದ್ ಇಲ್ದಿದ್ರೆ ಡಬ್ಬ ತೊಳ್ದಂಗಿರದು" ಎಂದು ರುದ್ರಕ್ಕ ಬೇಸರಪಟ್ಟಳು. ಆಗ ಒಂದು ತಮಾಷೆಯ ಮಾತು ಬಂತು: ಅದನ್ನೂ ಅಂಗಡಿಯಲ್ಲೇ ಬಿಟ್ಟು ಬಂದರಾಯಿತು. ಯಾರ ಬಾಯಿಂದ ಬಂತು? ಗಾಡಿಯವಳು ನಕ್ಕದ್ದು ನೆನಪಿದೆ. ನಾನು ಗೇಟು ಹಿಡಿದು ನಿಂತಿದ್ದೆ. ಮಾತಿದೆ, ನಗುವಿದೆ, ಆಡಿದವರ ಮುಖವಿಲ್ಲ.

ಮುಂದಿನ ತಿಂಗಳಿಂದ ಅವಳು ಔಷಧದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮಾತ್ರೆಯನ್ನು ಟಕ್ ಟಕ್ ಎಂದು ಒತ್ತಿ ಎರಡು ಕುಂಕುಮದ ಭರಣಿಗಳಿಗೆ ತುಂಬಿಸತೊಡಗಿದಳು. ಶೀಟು ಅಂಗಡಿಯವನ ಬುಟ್ಟಿಗೆ. ಬಿ.ಪಿ. ಮಾತ್ರೆಯ ಭರಣಿಗೆ ಕೆಂಪು ದಾರ, ಸಕ್ಕರೆ ಕಾಯಿಲೆಯದಕ್ಕೆ ದಾರವಿಲ್ಲ. ಮಾತ್ರೆಗಳೆರಡೂ ಬಿಳಿ, ಎರಡೂ ದುಂಡು. ನಾನು ಅದನ್ನು ನೋಡಿದೆ. "ಪರವಾಗಿಲ್ಲವಲ್ಲ ಅಕ್ಕ" ಎಂದೆ. ಇದು ಮಾತ್ರ ನಾನೇ ಅಂದದ್ದು, ಖಚಿತ.

ಸೋಮವಾರ ಅವಳಿಗೆ ಒಪ್ಪತ್ತು. ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಬರಿಹೊಟ್ಟೆಯಲ್ಲಿ ಸಕ್ಕರೆ ಮಾತ್ರೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅಂದು ಬೆಳಿಗ್ಗೆ ಬಿ.ಪಿ. ಮಾತ್ರೆ ಮಾತ್ರ. ಒಂದು ಭಾನುವಾರ ಭರಣಿ ತೊಳೆಯಲು ದಾರ ಬಿಚ್ಚಿದವಳು, ಮತ್ತೆ ಕಟ್ಟುವಾಗ ಸಕ್ಕರೆ ಮಾತ್ರೆಯ ಭರಣಿಗೆ ಕಟ್ಟಿದ್ದಳು. ಮರುದಿನ ದಾರವಿದ್ದ ಭರಣಿಯಿಂದ ಮಾತ್ರೆ ನುಂಗಿ, ಪೂಜೆಗೆ ಹೂ ಬಿಡಿಸುತ್ತಾ ಅಂಗಳದಲ್ಲೇ ಕುಸಿದಳು. ಮೈಯೆಲ್ಲ ತಣ್ಣನೆಯ ಬೆವರು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಉಳಿದಳು. ಕೈಗೆ ಗ್ಲೂಕೋಸ್ ಏರಿಸುತ್ತಿರುವಾಗ ಮಂಜುಳ ಕೇಳಿದಳು: "ಶೀಟ್ ಬಿಚ್ಚು ಅಂತ ಅಮ್ಮಂಗೆ ಯಾರಣ್ಣ ಹೇಳಿದ್ದು?"

"ಗೊತ್ತಿಲ್ಲಮ್ಮ" ಎಂದೆ. ನಿಜವನ್ನೇ ಹೇಳಿದೆ. ಆದರೂ ಸುಳ್ಳು ಹೇಳಿದಂತೆ ಕಿವಿ ಬಿಸಿಯಾಯಿತು.

ವರ್ಷ ತುಂಬುವುದರೊಳಗೆ ಮಂಜುಳಳಿಗೆ ಪಾವಗಡಕ್ಕೆ ವರ್ಗವಾಯಿತು. ಸಾಮಾನು ಹೇರಿದ ಟೆಂಪೋದ ಮುಂದಿನ ಸೀಟಿನಲ್ಲಿ ರುದ್ರಕ್ಕ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಮಾತ್ರೆಗಳು ಶೀಟಿನಲ್ಲೇ ಭದ್ರವಾಗಿದ್ದವು. ಅದನ್ನು ಅವಳು ಬೇರೆ ಯಾರದೋ ವಸ್ತುವಿನಂತೆ ಹಿಡಿದಿದ್ದಳು.

"ಅಕ್ಕ, ಅವತ್ತು ಶೀಟಿನ ಮಾತು ನಾನೇ ಆಡಿದ್ನಾ?"

"ಲೇ, ನೀನ್ಯಾಕ್ ಅಂತೀಯ? ನಂಗೇ ಹೊಳೀತು ಕಣ್ಲಾ. ಅದ್ನೇ ಹಿಡ್ಕಂಡ್ ಕುಂತಿದ್ದೀಯಾ ಇನ್ನೂವೆ? ಬುಡು."

ನನ್ನ ಎದೆ ಹಗುರಾಯಿತು. ಆಮೇಲೆ ಅವಳು ಕಾಲ ಬಳಿಯಿಂದ ಹಸಿರು ಚೀಲವೊಂದನ್ನು ಎತ್ತಿ, ನೋಡದೆಯೇ ಒಮ್ಮೆ ಸವರಿ ನನ್ನ ಕೈಗಿಟ್ಟಳು. "ಕಡ್ಲೆಬೀಜ ಐತೆ, ಹುರ್ಕಂಡ್ ತಿನ್ನು. ಚೀಲ ಬಿಸಾಕ್ಬ್ಯಾಡ."

ಮನೆಗೆ ಬಂದು ಗಂಟು ಬಿಚ್ಚಿದೆ. ಒಳಗಿದ್ದದ್ದು ಅಕ್ಕಿ.

ಚೀಲದ ಗುರುತು ತಪ್ಪಿದವಳ ನೆನಪು ಶೀಟಿನ ಮಾತಿನಲ್ಲೂ ತಪ್ಪಿರಬಹುದು; ಮತ್ತೊಮ್ಮೆ ಕೇಳೋಣವೆಂದರೆ ರುದ್ರಕ್ಕ ಈಗಿಲ್ಲ. ಚೀಲ ಇದೆ, ಅಂಗಡಿಗೆ ಅದನ್ನೇ ಒಯ್ಯುತ್ತೇನೆ. ಅದು ಕುಪ್ಪಸದ ಬಟ್ಟೆಯೋ ಪರದೆಯದೋ ತಿಳಿಯದು. ಗೇಟಿನ ಬಳಿ ಆ ಮಾತು ಆಡಿದವನು ನಾನೋ ಅಲ್ಲವೋ, ಅದೂ ನನಗೆ ಗೊತ್ತಿಲ್ಲ.