ದೈವದ ಎದುರು ಹಂಚಿದ ಸಾಲ

"ಅಕ್ಕ, ದೈವಕ್ಕಿಂತ ಬ್ಯಾಂಕ್ ದೊಡ್ಡದಾ?"

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ನಾನು ದೋಸೆ ಹೊಯ್ಯುತ್ತಿದ್ದಾಗ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಜಾತಾ ಕೇಳಿದ ಪ್ರಶ್ನೆ ಇದು. ದೋಸೆ ಕರಟಿತು.

ಸುಜಾತಾ ಗಂಗೊಳ್ಳಿಯವಳು. ಒಣಮೀನಿನ ವ್ಯಾಪಾರ. ವಾರಕ್ಕೊಮ್ಮೆ ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಬಂದರೆ ನಮ್ಮ ಮನೆಗೊಂದು ಕಟ್ಟು ನಂಗ್ ಎನ್ನುವ ಒಣಮೀನು ಕೊಟ್ಟೇ ಹೋಗುವುದು. ಅವತ್ತು ಮೀನಿರಲಿಲ್ಲ. ಕೈಯಲ್ಲಿ ಬ್ಯಾಂಕಿನ ನೋಟೀಸಿತ್ತು.

"ನೀವ್ ಪೇಪರಿಗೆ ಬರೀತ್ರಿ ಅಲ್ದಾ, ನಿಮ್ಗ್ ಗೊತ್ತಿರತ್ತ್" ಎಂದಳು.

(ಪೇಪರಿಗೆ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬಿರುವವರು ನಮ್ಮ ತಾಲೂಕಿನಲ್ಲಿ ಇನ್ನೂ ಇದ್ದಾರೆ. ನನ್ನ ಗಂಡ ಆ ಪೈಕಿ ಅಲ್ಲ.)

ನೋಟೀಸು ಓದಿದೆ. ಬೋಟಿನ ಸಾಲದ ಕಂತು ಬಹಳ ದಿನಗಳಿಂದ ಬಾಕಿ ಇದೆ, ಕಟ್ಟದಿದ್ದರೆ ಅಡವಿಟ್ಟ ಮನೆಯನ್ನು ಹರಾಜಿಗೆ ಹಾಕಬೇಕಾಗುತ್ತದೆ ಎಂದಿತ್ತು. ಬೋಟು ಯಾರದ್ದು? ಸುಜಾತಾಳಿಂದ ಬೇರೆಯಾದ ಗಂಡ ಶೇಖರನದ್ದು. ಮನೆ ಯಾರದ್ದು? ಸುಜಾತಾಳದ್ದು. ಅವಳ ತಾಯಿ ಕೊಟ್ಟ ಜಾಗದಲ್ಲಿ ಕಟ್ಟಿದ್ದು. ಅವಳು, ಅವಳ ಮಗಳು, ಅಂಗಳದ ತುಂಬ ಒಣಗುವ ಮೀನು, ಎಲ್ಲ ಇರುವುದು ಅಲ್ಲೇ. ಅದು ಹೋದರೆ ಅವಳ ವ್ಯಾಪಾರವೂ ಹೋದ ಹಾಗೆ.

ಅವರಿಬ್ಬರ ವಿಚ್ಛೇದನಕ್ಕೆ ಕಾರಣ ಏನೆಂದು ಇಲ್ಲಿ ಬರೆಯುವುದಿಲ್ಲ. ಅದು ಗೊತ್ತಿರುವುದು ಅವರಿಬ್ಬರಿಗೆ. ಊರಿಗೆ ಅವರಿಗಿಂತ ಹೆಚ್ಚು ಗೊತ್ತು. ಬಯ್ದಾಟ, ಅತ್ತದ್ದು, ಸಾಮಾನು ಹೊರಗೆ ಎಸೆದದ್ದು, ಎಲ್ಲವೂ ಆಗಿ, ಕೊನೆಗೆ ಕೋರ್ಟಿಗೆ ಹೋಗುವ ಮೊದಲು ಹಿರಿಯರು ಜಗಲಿಯಲ್ಲಿ ಕುಳಿತು ಆಸ್ತಿ ಹಂಚಿದರು. ಮುಖ್ಯಸ್ಥಿಕೆ ಶೇಖರನ ಅಣ್ಣನದ್ದು. ಸುಜಾತಾಳಿಗೆ ಭಾವ ಆಗಬೇಕಾದ್ದರಿಂದ ನಾನೂ ಅವರನ್ನು ಇಲ್ಲಿ ಭಾವ ಎಂದೇ ಕರೆಯುತ್ತೇನೆ. ಗಟ್ಟಿ ಸ್ವರದ ಮನುಷ್ಯ. ಕುಳಿತಲ್ಲಿ ಬೇರೆಯವರು ಮಾತಾಡುವ ಹಾಗಿಲ್ಲ.

ಚಿನ್ನ ಅವಳಿಗೆ. ಮನೆ ಅವಳಿಗೆ. ಬೋಟು, ಬಲೆ ಅವನಿಗೆ. ಫ್ರಿಜ್ ಅವಳಿಗೆ. ಟಿವಿ ಅವನಿಗೆ. ಮಿಕ್ಸಿ ಯಾರಿಗೆ ಎನ್ನುವಲ್ಲಿ ಜಗಳ ಜೋರಾಗಿ, ಊಟದ ಹೊತ್ತು ಮೀರಿತಂತೆ. ಬೋಟಿನ ಸಾಲದ ಮಾತು ಬಂದಾಗ ಮಾತ್ರ ಯಾರಿಗೂ ತಕರಾರಿರಲಿಲ್ಲ. ಬೋಟು ಯಾರಿಗೋ ಸಾಲ ಅವರಿಗೆ. ಅದರಲ್ಲಿ ಹೇಳುವುದೇನಿದೆ?

ಆಮೇಲೆ ಎಲ್ಲರೂ ಎದ್ದು ಊರ ದೈವದ ಗುಡಿಗೆ ಹೋದರು. ನಮ್ಮಲ್ಲಿ ಮಾತು ಗಟ್ಟಿಯಾಗುವುದು ಹಾಗೆಯೇ. ಶೇಖರ ಕಾಯಿ ಇಟ್ಟು, "ಬೋಟಿನ್ ಸಾಲ ನಂದ್, ಅವ್ಳಿಗೆ ಸಂಬಂಧ ಇಲ್ಲೆ" ಎಂದ. ದೈವ ಮೈಮೇಲೆ ಬರುವ ಪಾತ್ರಿಯ ಕೈಯಿಂದ ಇಬ್ಬರೂ ಪ್ರಸಾದ ತೆಗೆದುಕೊಂಡರು. "ದೈವದ ಎದ್ರ್ ಹೇಳಿದ್ ಮಾತ್. ಇನ್ನ್ ಯಾರೂ ಅದ್ರ್ ಬಗ್ಗೆ ಮಾತಾಡುಕಾಗ" ಎಂದು ಭಾವ ಮುಗಿಸಿದರು. ಕೋರ್ಟಿನ ಕಾಗದದಲ್ಲೂ ವಕೀಲರು ಅದೇ ಮಾತನ್ನು ಹಾಕಿದರು. ಡಿವೋರ್ಸ್ ಆಯಿತು.

ಎಲ್ಲ ಸರಿ. ಆದರೆ ಬೋಟಿಗೆ ಸಾಲ ತೆಗೆದ ದಿನ ಗಂಡನ ಪಕ್ಕದಲ್ಲಿ ಕುಳಿತು ಸಹಿ ಹಾಕಿದವಳು ಸುಜಾತಾ. ಮನೆ ಪತ್ರ ಕೊಟ್ಟವಳೂ ಅವಳೇ. ಆ ಸಹಿಯನ್ನು ಅಳಿಸಿದವರು ಯಾರು? ಯಾರೂ ಇಲ್ಲ.

ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಹುಬ್ಬಳ್ಳಿ ಕಡೆಯವರು, ತಾಳ್ಮೆಯ ಮನುಷ್ಯ. ಸುಜಾತಾ ದೈವದ ಗುಡಿಯ ಕಥೆಯನ್ನು ಮೊದಲಿಂದ ಹೇಳಿದಳು. ಅವರು ನಗಲಿಲ್ಲ. (ನಕ್ಕಿದ್ದರೆ ನಾನು ಜಗಳಕ್ಕೆ ತಯಾರಾಗಿಯೇ ಕುಳಿತಿದ್ದೆ.)

"ಅಮ್ಮಾ, ಅದು ನಿಮ್ಮಿಬ್ಬರ ನಡುವಿನ ಮಾತು. ಕೋರ್ಟಿನ ಕಾಗದವೂ ಅಷ್ಟೇ. ಸಾಲ ಕೊಟ್ಟವರು ನಾವು. ಸಾಲದಿಂದ ನಿಮ್ಮ ಹೆಸರು ತೆಗೀರಿ ಅಂತ ನಮ್ಮನ್ನ ಯಾರೂ ಕೇಳಲೇ ಇಲ್ಲವಲ್ಲ" ಎಂದರು.

ಕೇಳಿದ್ದರೆ ದಾರಿ ಇತ್ತು. ಅವಳ ಜಾಗಕ್ಕೆ ಬೇರೆಯವರು ಬಂದು ಸಹಿ ಹಾಕಿ, ತಮ್ಮ ಆಸ್ತಿ ತೋರಿಸಿದರೆ ಇವಳ ಮನೆ ಪತ್ರ ಬಿಡಬಹುದಿತ್ತಂತೆ. ಈಗಲೂ ಬಿಡಬಹುದು, ಅದರ ಜೊತೆಗೆ ಬಾಕಿ ಕಂತನ್ನೂ ಕಟ್ಟಿದರೆ. ಮತ್ತೆ ನಾವು ವಕೀಲರನ್ನು ಕೇಳಿದೆವು. ಸಾಲ ಕಟ್ಟಿ, ಆಮೇಲೆ ಅವನಿಂದ ವಸೂಲಿ ಮಾಡಿ ಎಂದರು. ಅಂದರೆ ಇನ್ನೊಂದು ಕೇಸು.

ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಹೇಳುವುದು ಕಷ್ಟ. ಬೇರೆಯಾಗುವಾಗ ನಾವು ಕಣ್ಣಿಗೆ ಕಾಣುವುದನ್ನೆಲ್ಲ ಹಂಚುತ್ತೇವೆ. ಮಿಕ್ಸಿ ಕಾಣುತ್ತದೆ, ಫ್ರಿಜ್ ಕಾಣುತ್ತದೆ. ಸಾಲ ಎಲ್ಲಿ ಕಾಣುತ್ತದೆ? ಇಬ್ಬರ ಹೆಸರಲ್ಲಿರುವ ಪಾಸ್‌ಬುಕ್ಕು, ಹಿಂದೆ ಯಾವಾಗಲೋ ಹಾಕಿದ ಜಾಮೀನು, ಇವು ಯಾರ ನೆನಪಿಗೂ ಬರುವುದಿಲ್ಲ. ಬಂದರೂ, ಮನಸ್ಸು ಹುಣ್ಣಾಗಿರುವಾಗ ಬ್ಯಾಂಕಿನ ಮೆಟ್ಟಿಲು ಹತ್ತಲು ಯಾರಿಗೆ ಮನಸ್ಸಾಗುತ್ತದೆ?

ಶೇಖರನಿಗೆ ಫೋನ್ ಮಾಡಿದ್ದು ನಾನೇ. ಸರಿಯಾಗಿ ಬಯ್ಯಬೇಕೆಂದೇ ಮಾಡಿದ್ದೆ.

"ಕಂತು ಕಟ್ಟಲಿಲ್ಲ ಅಂತ ಅವಳಿಗೆ ಒಂದು ಮಾತು ಹೇಳಬಾರದಿತ್ತಾ?"

"ಸಂಬಂಧ ಇಲ್ಲೆ ಅಂದ್ಕಂಡ್ ಕಾಯಿ ಇಟ್ಟಿದ್ದೆ ಅಲ್ದಾ ಅಕ್ಕ? ಮತ್ ಅವ್ಳಿಗ್ ಎಂತಕ್ಕ್ ಹೇಳೂದ್?"

ಇಂಜಿನ್ ಕೆಟ್ಟು ಸೀಸನ್ನಿನ ಕೊನೆಯ ಮೀನು ತಪ್ಪಿತಂತೆ. ಅಷ್ಟರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಬಂದು ಬೋಟು ದಡ ಸೇರಿತು. ಬ್ಯಾಂಕಿನವರು ಕರೆದಾಗಲೆಲ್ಲ ಸೀಸನ್ ಶುರುವಾಗಲಿ ಎಂದು ಹೇಳಿ ಕಳಿಸಿದ್ದಾನೆ. ಅವಳಿಗೆ ತಿಳಿಸದೇ ಇರುವುದೇ ಮಾತು ಉಳಿಸಿಕೊಳ್ಳುವುದು ಎಂದು ಅವನು ನಿಜವಾಗಿಯೂ ನಂಬಿದ್ದ.

ಹಾಗಾದರೆ ಇನ್ನೊಬ್ಬರ ಸಹಿ ಹುಡುಕಬೇಕು. ಬಾಕಿ ಕಂತಿಗೆ ಬಳೆ ಅಡವಿಡುತ್ತೇನೆ ಎಂದಳು ಸುಜಾತಾ. ಸಹಿಗೆ ಮೊದಲು ನೆನಪಾದವರು ಭಾವ. ಜಾಗವಿದೆ, ಮನೆಯಿದೆ, ನ್ಯಾಯ ಹೇಳಿದವರೇ ಅವರು. ಸುಜಾತಾ ಹೋಗಿ ಕೇಳಿದಳು. ನಾನು ಜೊತೆಗಿದ್ದೆ. ಭಾವ ತೆಂಗಿನ ಮರಗಳ ಕಡೆ ನೋಡುತ್ತಾ ಹೇಳಿದರು.

"ದೈವದ ಎದ್ರ್ ಬೇಕಾರ್ ಸಾವ್ರ ಸರ್ತಿ ನಿಲ್ತೆ. ಬ್ಯಾಂಕಿನ್ ಎದ್ರ್ ಆತಿಲ್ಲೆ ಮಾರ್ರೆ. ನಂಗೂ ಹೆಂಡ್ತಿ ಮಕ್ಳ್ ಇದ್ರ್."

ಅವತ್ತು ಜಗಲಿಯಲ್ಲಿ ಕುಳಿತಿದ್ದ ಉಳಿದವರ ಮನೆಗಳಿಗೂ ಹೋದೆವು. ಎಲ್ಲ ಕಡೆ ಚಹಾ ಸಿಕ್ಕಿತು. ಒಬ್ಬರ ಮನೆಯಲ್ಲಿ ಹಲಸಿನ ಹಪ್ಪಳವೂ ಸಿಕ್ಕಿತು. ಸಹಿ ಸಿಗಲಿಲ್ಲ.

ಅವರನ್ನು ಪೂರ್ತಿ ತಪ್ಪು ಎನ್ನಲಾರೆ. ಜಾಮೀನು ಹಾಕಿ ಮುಳುಗಿದವರನ್ನು ನಾನೂ ಕಂಡಿದ್ದೇನೆ. ಆದರೆ ತಾವು ಹೊರಲಾಗದ ಭಾರವನ್ನು "ಮುಗೀತು" ಎಂದು ಘೋಷಿಸುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಭಾವನ ಉತ್ತರ ಶೇಖರನ ಕಿವಿಗೂ ಬಿತ್ತು. ಮರುದಿನ ಅವನೇ ಫೋನ್ ಮಾಡಿದ. "ಹೇಳಿದ್ ನಾನ್. ಉಳ್ಸ್ಕಣ್ಕಾದ್ದೂ ನಾನೇ. ಬೋಟ್ ಮಾರ್ತೆ."

ಮೀನುಗಾರನೊಬ್ಬ ಈ ಮಾತನ್ನು ಸುಲಭಕ್ಕೆ ಆಡುವುದಿಲ್ಲ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು. (ಪೂರ್ತಿ ಅಲ್ಲ.)

ಮಲ್ಪೆಯ ಕಡೆಯವರೊಬ್ಬರು ಬೋಟು ಕೊಂಡರು. ಸಾಲ ಮುಗಿಸುವ ದಿನ ಇಬ್ಬರೂ ಬರಬೇಕು ಎಂದು ಬ್ಯಾಂಕಿನವರು ಹೇಳಿದ್ದರು. ಬಂದರು. ಬೆಂಚಿನ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು, ನಡುವೆ ನನ್ನ ಒದ್ದೆ ಛತ್ರಿ. ನಾನು ಎದುರಿನ ಕುರ್ಚಿಯಲ್ಲಿ ಕುಳಿತು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಡಿವೋರ್ಸ್ ಆದ ಮೇಲೆ ಅವರಿಬ್ಬರೂ ಮಾತಾಡಿದ್ದೇ ಇರಲಿಲ್ಲ.

"ಇಂಜಿನ್ ಹೋಯ್ತಂಬ್ರಲೆ" ಎಂದಳು ಸುಜಾತಾ, ಅವನ ಕಡೆ ನೋಡದೆ.

"ಹೌದ್."

"ಮೊದ್ಲೇ ಹೇಳಿದ್ರೆ ಆತಿತ್ತ್."

ಅವನು ತಲೆಯಾಡಿಸಿದ. ಅಷ್ಟರಲ್ಲಿ ಒಳಗೆ ಕರೆದರು. ಅವನು ಹಾಕಿದ ಸಹಿಯ ಕೆಳಗೆ ಅವಳು ಸಹಿ ಹಾಕಿದಳು. ಮನೆ ಪತ್ರ ಅವಳ ಕೈಗೆ ಬಂತು. ಅವನ ಕೈಗೆ ಬಂದದ್ದು ಸಾಲ ತೀರಿದ ಚೀಟಿ, ಅಷ್ಟೇ. ಹೊರಗೆ ಬಂದು, "ಬತ್ತೆ ಅಕ್ಕ" ಎಂದು ನನಗೆ ಹೇಳಿ, ಬಸ್ ಸ್ಟ್ಯಾಂಡಿನ ಕಡೆ ನಡೆದ. ಈಗ ಬೇರೆಯವರ ಬೋಟಿಗೆ ತಾಂಡೇಲನಾಗಿ ಹೋಗುತ್ತಾನೆ. (ಬೋಟು ನಡೆಸುವವರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.) ಮಾಲೀಕನಾಗಿದ್ದವನಿಗೆ ಅದು ಎಷ್ಟು ಕಷ್ಟವೋ ನಾನು ಕೇಳಲಿಲ್ಲ.

ಸುಜಾತಾ ಪತ್ರವನ್ನು ಎದೆಗೆ ಅವಚಿ ಹಿಡಿದು ಬ್ಯಾಂಕಿನ ಮೆಟ್ಟಿಲಲ್ಲೇ ಸ್ವಲ್ಪ ಹೊತ್ತು ಅತ್ತಳು. ಮನೆ ಉಳಿದದ್ದಕ್ಕೋ, ಬೋಟು ಹೋದದ್ದಕ್ಕೋ? ಎರಡಕ್ಕೂ ಇರಬೇಕು. ಆ ಬೋಟಿಗೆ ಮೊದಲ ಸಲ ಪೂಜೆ ಮಾಡಿದವಳು ಅವಳಲ್ಲವೇ?

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಬೈಂದೂರಿನಲ್ಲಿ ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ. ಅಲ್ಲೂ ಆಸ್ತಿ ಹಂಚಬೇಕು. ಅನುಭವಸ್ಥರು ಎಂದು ಈ ಭಾನುವಾರ ಭಾವನನ್ನೇ ಕರೆಸಿದ್ದಾರೆ. ಆ ಹುಡುಗಿಯ ತಾಯಿ ನನಗೆ ಪರಿಚಯ. ಭಾವ ಮಾತು ಶುರು ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ ಎಂದು ಅವರಿಗೆ ಹೇಳಿಕಳಿಸಿದ್ದೇನೆ.

"ನ್ಯಾಯ ಹೇಳಿದ ಮೇಲೆ ಸಹಿಯನ್ನೂ ಹಾಕುತ್ತೀರಾ?"