ಅವಳ ಚಿಂತೆಗೆ ಇನ್ನೊಬ್ಬ ವಾರಸುದಾರ

ಮಗ್ಗ ಓಡುತ್ತಿರುವಾಗಲೇ ರತ್ನ ಬಂದು ಸ್ವಿಚ್ ಆರಿಸಿದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಸೀರೆ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೇ ಶಾಪ ಹಾಕುವ ಜನ ನಾವು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದು ತನ್ನ ಎಡಗಡೆ ಕಂಕುಳ ಕೆಳಗೆ ಒತ್ತಿಕೊಂಡಳು.

"ಇಲ್ಲಿ ನೋಡ್ರೀ. ಏನೋ ಐತೆ."

ಇತ್ತು.

ಹುಣಸೆ ಬೀಜದಷ್ಟು, ಗಟ್ಟಿಯಾಗಿ. ನೋಯುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ನೋವಿಲ್ಲ ಅಂದರೆ ಏನೂ ಇರೋದಿಲ್ಲ ಬಿಡು ಎಂದು ನಾನೇ ಡಾಕ್ಟರ್ ಆಗಿಬಿಟ್ಟೆ. ಸ್ವಿಚ್ ಹಾಕಿದೆ. ಮಗ್ಗ ಓಡಿತು. ಆದರೆ ನನ್ನ ಬೆರಳ ತುದಿಯಲ್ಲಿ ಆ ಬೀಜ ಹಾಗೇ ಉಳಿದಿತ್ತು.

ನಮ್ಮದು ಮಧುರೆ ಹೋಬಳಿ ಕಡೆಯ ಬೇಸಾಯದ ಮನೆ. ಅಪ್ಪನ ಕಾಲದಲ್ಲೇ ದೊಡ್ಡಬಳ್ಳಾಪುರಕ್ಕೆ ಬಂದು, ಮನೆಗೆ ಅಂಟಿಕೊಂಡಂತೆ ಶೆಡ್ ಕಟ್ಟಿ ಪವರ್‌ಲೂಮ್ ಹಾಕಿದೆವು. ನಾನು ನೇಯುತ್ತೇನೆ, ರತ್ನ ನೂಲು ಸುತ್ತುತ್ತಾಳೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ನಮ್ಮಂಥವರೆಲ್ಲ ತುಟಿ ನೋಡಿ ಮಾತಾಡುತ್ತೇವೆ. ಶೆಡ್ಡಿನ ಆ ಮೂಲೆಯಿಂದ ಅವಳು ಸದ್ದಿಲ್ಲದೆ "ಸಾರಿಗೆ ಹುಳಿ ಸಾಕಾ" ಎಂದರೆ ಈ ಮೂಲೆಯಿಂದ ನಾನು "ಸಾಕು" ಎನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಅಮ್ಮನ ಎದುರೇ ಏನೇನೋ ಮಾತಾಡಿಕೊಂಡಿದ್ದೇವೆ. ಅವಳ ತುಟಿಯನ್ನು ನನ್ನಷ್ಟು ಓದಿದವರು ಯಾರೂ ಇಲ್ಲ ಎಂಬ ಜಂಬ ನನಗಿತ್ತು.

ಊರಿನಲ್ಲಿ ಸ್ಕ್ಯಾನಿಂಗ್ ಆಯಿತು. ಬೆಂಗಳೂರಿನಲ್ಲಿ ಬಯಾಪ್ಸಿ ಆಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದಾಗ ರತ್ನ ಎಂದಿನಂತೆ ಮೊಣಕೈಯಿಂದ ನನ್ನನ್ನು ತಿವಿದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ. ನಮ್ಮ ಮಗಳೇ ಸಮೇತನಹಳ್ಳಿಯಲ್ಲಿ ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ. ರತ್ನ ಮಾತ್ರ ಇಲ್ಲ. "ಮುನಿರಾಜು" ಎಂದು ನಾನೇ ಹೇಳಿ ಬರೆಸಿದೆ.

ಡಾಕ್ಟರಮ್ಮ ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು.

"ಕ್ಯಾನ್ಸರ್ರೇ. ಮೊದಲು ಕೀಮೋ ಕೊಡೋಣ. ಗೆಡ್ಡೆ ಸಣ್ಣದಾಗ್ಲಿ, ಆಮೇಲೆ ಸರ್ಜರಿ. ಧೈರ್ಯವಾಗಿರಿ."

ಧೈರ್ಯ ಅನ್ನುವುದು ರತ್ನಳ ಹತ್ತಿರ ಮೊದಲೇ ಇರಲಿಲ್ಲ. ಅವಳು ಹುಟ್ಟಿದ್ದೇ ಚಿಂತೆ ಮಾಡುವುದಕ್ಕೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ. ಮಗಳ ಬಸ್ ಯಾಕೆ ಬರಲಿಲ್ಲ. ರಾಗಿ ಒಣಹಾಕಿದ ದಿನವೇ ಮೋಡ ಯಾಕೆ. ನೆಗಡಿ ಬಂದರೆ ನ್ಯುಮೋನಿಯಾ, ಫೋನ್ ತೆಗೆಯದಿದ್ದರೆ ಆಕ್ಸಿಡೆಂಟ್. ಇಷ್ಟನ್ನೂ ಅವಳು ತಂದು ನನ್ನ ಮುಂದೆ ಸುರಿಯುತ್ತಿದ್ದಳು. "ಆಯ್ತು, ಏನೂ ಆಗಲ್ಲ, ಮಲ್ಕೊಳೇ" ಎಂದು ನಾನು ಹೇಳಬೇಕು, ಆಮೇಲೆ ಅವಳು ಮಲಗಬೇಕು. ಬೇಸರವಾಗುತ್ತಿತ್ತು, ನಿಜ. ಆದರೆ ಆ ಚಿಂತೆಗಳಿಗೆಲ್ಲ ನಾನೊಬ್ಬನೇ ವಾರಸುದಾರನಾಗಿದ್ದೆ.

ಈ ಸಲದ ಚಿಂತೆಗೆ ನನ್ನ ಮಾತು ಸಾಲಲಿಲ್ಲ. ಏನೂ ಆಗಲ್ಲ ಎನ್ನುತ್ತಿದ್ದೆ, ಅವಳು ನನ್ನ ಮುಖ ನೋಡುತ್ತಿದ್ದಳು. ಅದು ಬರೀ ಬಾಯಿಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಕೀಮೋ ಶುರುವಾಯಿತು. ವಾಂತಿ. ಬಾಯಿ ತುಂಬ ಹುಣ್ಣು. ಸೊಪ್ಪಿನ ಸಾರಿನ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ನಾನು ಅಂಬಲಿ ಕಾಯಿಸುವುದನ್ನು ಕಲಿತೆ, ಗಂಟಾಗದ ಹಾಗೆ ತಿರುವುವುದನ್ನೂ ಕಲಿತೆ. ಕೂದಲು ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಬಂದಾಗ ಅವಳು ಅಳಲಿಲ್ಲ, ನಾನು ಬಚ್ಚಲಿಗೆ ಹೋಗಿ ಅತ್ತೆ. ಅವಳಿಗೆ ಸದ್ದು ತಡೆಯಲಾಗುತ್ತಿರಲಿಲ್ಲ, ಆದ್ದರಿಂದ ಮಗ್ಗಗಳು ಮಧ್ಯಾಹ್ನದ ಹೊತ್ತು ನಿಂತೇ ಇರುತ್ತಿದ್ದವು. ಮಗ್ಗ ನಿಂತ ಮನೆ ನಮಗೆ ಅಭ್ಯಾಸವಿಲ್ಲ, ಏನೋ ಕಳೆದುಹೋದ ಹಾಗೆ ಇರುತ್ತದೆ.

ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದವರು ಸ್ಟೆಲ್ಲಮ್ಮ. ನಮ್ಮೂರಿನವರೇ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಇವಳದ್ದೇ ಕಾಯಿಲೆ, ಇವಳದ್ದೇ ಬೋಳು ತಲೆ. ಆದರೆ ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಮದುವೆಮನೆಗೆ ಬಂದವರಂತೆ ಕೂತಿರುತ್ತಿದ್ದರು. ಅವರನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಉರಿ. ಅದೇ ಔಷಧಿ ಅಂಥದ್ದೇ ಬಾಟಲಿಯಿಂದ ಇಳಿಯುತ್ತಿರುವಾಗ ಈಕೆಗೆ ಮಾತ್ರ ಹೇಗೆ ಇಷ್ಟು ನೆಮ್ಮದಿ?

ರತ್ನ ಅದನ್ನೇ ಬಾಯಿಬಿಟ್ಟು ಕೇಳಿದಳು. "ನಿಮಗೆ ಭಯ ಆಗಲ್ವಾ ಅಕ್ಕಾ?"

"ಆಯ್ತದೆ ಕಣಮ್ಮಾ. ಬಂದಾಗೆಲ್ಲ ಯೇಸಪ್ಪನ ಕೈಗೆ ಕೊಟ್ಬಿಡ್ತೀನಿ. ಮತ್ತೆ ಬರ್ತದೆ. ಮತ್ತೆ ಕೊಡ್ತೀನಿ. ಅವ್ರಿಗೆ ಬೇಸರ ಅನ್ನೋದೇ ಇಲ್ಲ."

ಆ ಕೊನೆಯ ಮಾತು ನನ್ನನ್ನೇ ನೋಡಿಕೊಂಡು ಹೇಳಿದಂತಿತ್ತು. ಹಾಗೇನೂ ಇರಲಿಲ್ಲ ಎಂದು ಈಗ ಗೊತ್ತು.

ಮುಂದಿನ ಸಲ ಸ್ಟೆಲ್ಲಮ್ಮ ಇವಳ ಕೈ ಹಿಡಿದು ಪ್ರಾರ್ಥನೆ ಮಾಡಿದರು. ಅದರಾಚೆಯ ಭಾನುವಾರ ರತ್ನ, ರೈಲ್ವೆ ಸ್ಟೇಷನ್ ಕಡೆ ಅವರು ಹೋಗುವ ಪ್ರಾರ್ಥನಾ ಮಂದಿರಕ್ಕೆ ಹೋಗಿಬಂದಳು. ತಗಡಿನ ಚಾವಣಿ, ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಸ್ಕೂಟರಿನಲ್ಲಿ ಬಿಟ್ಟು ಕರೆತಂದವನು ನಾನೇ. ಮನೆಗೆ ಬಂದವಳೇ ಚಾಪೆ ಹಾಸಿ ಮಲಗಿದಳು. ಗಾಢ ನಿದ್ದೆ. ಗಂಟು ಸಿಕ್ಕ ದಿನದಿಂದ ಅಂಥ ನಿದ್ದೆ ಕಂಡಿರಲಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಬಗ್ಗಿ ನೋಡಿದೆ. ಎದ್ದ ಮೇಲೆ ನಾನು ಕಾಯುತ್ತಾ ಕೂತೆ. ಈಗ ಶುರು ಮಾಡುತ್ತಾಳೆ, ಬ್ಲಡ್ ಕೌಂಟ್ ಕಮ್ಮಿಯಾದರೆ ಏನು ಗತಿ, ಸರ್ಜರಿಯಲ್ಲಿ ಎಚ್ಚರವಾಗದಿದ್ದರೆ ಏನು ಗತಿ. ಅವಳು ಕಾಫಿ ಕುಡಿದಳು. ಲೋಟ ತೊಳೆದಿಟ್ಟಳು.

"ಏನೂ ಹೇಳ್ಲೇ ಇಲ್ವಲ್ಲೇ."

"ಏನು ಹೇಳ್ಲಿ?"

"ಚಿಂತೆ ಗಿಂತೆ."

"ಹೇಳ್ಕೊಂಡ್ಬಿಟ್ಟೆ ಕಣ್ರೀ" ಎಂದು ಗದ್ದ ಎತ್ತಿ ಮೇಲೆ ತೋರಿಸಿದಳು. "ಹಗುರಾಗೋಯ್ತು."

ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ, ಹೊಟ್ಟೆಕಿಚ್ಚೇ. ಹೆಂಡತಿ ಚೆನ್ನಾಗಿ ಮಲಗಿದಳಲ್ಲ ಎಂದು ಸಂತೋಷಪಡಬೇಕಾದವನು, ಅವಳನ್ನು ಮಲಗಿಸಿದ್ದು ನಾನಲ್ಲ ಎಂದು ಒಳಗೊಳಗೇ ಕುದಿದೆ. ಬೇರೆ ಯಾರಾದರೂ ಗಂಡಸಾಗಿದ್ದರೆ ಹೋಗಿ ಕೈಕಾಲು ಮುರಿಯುತ್ತೇನೆ ಎನ್ನಬಹುದಿತ್ತು. ಆಗಲೇ ಕೈಕಾಲಿಗೆ ಮೊಳೆ ಹೊಡೆಸಿಕೊಂಡವನನ್ನು ಏನು ಮಾಡುವುದು?

ಸುದ್ದಿ ಮಧುರೆಯ ನಮ್ಮ ಅಕ್ಕನಿಗೆ ಮುಟ್ಟಿತು. ಮಾರನೇ ದಿನವೇ ಬಸ್ಸಿಳಿದಳು.

"ಏನೋ ಮುನಿರಾಜ, ಇವ್ಳು ಕ್ರಿಸ್ತರ ಪೈಕಿ ಆಗೋದ್ಲಂತೆ? ಮನೆದೇವ್ರು ಸುಮ್ನೆ ಬಿಟ್ಟಾತೇನೋ? ಮೊದ್ಲು ಕರ್ಕೊಂಡೋಗಿ ಹಣ್ಣುಕಾಯಿ ಮಾಡ್ಸು."

ಕರೆದುಕೊಂಡು ಹೋದೆ. ರತ್ನ ಮನೆದೇವರ ಮುಂದೆ ಕೈಮುಗಿದು ನಿಂತಳು, ಕುಂಕುಮ ಇಟ್ಟುಕೊಂಡಳು, ಪ್ರಸಾದ ತಿಂದಳು. ಭಾನುವಾರ ಮತ್ತೆ ತಗಡಿನ ಚಾವಣಿ. ಅವಳಿಗೆ ಅದರಲ್ಲಿ ಜಗಳವೇ ಕಾಣಲಿಲ್ಲ. ಅಕ್ಕನಿಗಿದ್ದದ್ದು ಧರ್ಮದ ಚಿಂತೆ. ನನಗೆ ಅದು ಅಷ್ಟೇನೂ ಇರಲಿಲ್ಲ. ಆದರೂ ಅಕ್ಕನ ಮಾತನ್ನೇ ಎರವಲು ತಂದು ರತ್ನಳ ಮೇಲೆ ಎಸೆದೆ.

"ಜನ ಏನಂತಾರೆ, ಯೋಚನೆ ಮಾಡಿದ್ಯಾ?"

"ಜನ ಬಿಡಿ. ನಿಮಗೇನು ಕಷ್ಟ, ಅದು ಹೇಳಿ."

ಕಾಯಿಲೆ ಬಿದ್ದ ಹೆಂಡತಿಗೆ, ನೀನು ನನ್ನ ಹತ್ತಿರ ಅಳುತ್ತಿಲ್ಲ ಎಂದು ದೂರು ಹೇಳಲು ಯಾವ ಗಂಡನಿಗೆ ಬಾಯಿ ಬರುತ್ತದೆ?

ಕೀಮೋ ಮುಗಿಯುತ್ತಾ ಬಂದಂತೆ ಅವಳಿಗೆ ಸ್ವಲ್ಪ ಚೈತನ್ಯ ಬಂತು. ಮತ್ತೆ ಶೆಡ್ಡಿಗೆ ಬಂದು ತನ್ನ ಮೂಲೆಯಲ್ಲಿ ಕೂರತೊಡಗಿದಳು. ಒಂದು ಬೆಳಗ್ಗೆ ಮಗ್ಗ ಜೋರಾಗಿ ಓಡುತ್ತಿತ್ತು. ತಲೆಯೆತ್ತಿ ನೋಡಿದರೆ ಅವಳು ಕಣ್ಣುಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಈ ಸದ್ದಿನಲ್ಲಿ ಯಾರಿಗೆ ಕೇಳಿಸುತ್ತದೆ ಎಂದುಕೊಂಡಿರಬೇಕು. ಕಣ್ಣು ಮುಚ್ಚಿದವಳಿಗೆ ನನ್ನ ಕಣ್ಣು ತೆರೆದಿದೆ ಎಂಬುದು ಮರೆತುಹೋಗಿತ್ತು.

ನೋಡಬಾರದಿತ್ತು. ನೋಡಿದೆ.

ಯೇಸಪ್ಪಾ, ಎಂದಳು. ಇನ್ನೇನೋ ಹೇಳಿದಳು, ಮುಖ ಅತ್ತ ಹೊರಳಿದ್ದರಿಂದ ತಿಳಿಯಲಿಲ್ಲ. ಮತ್ತೆ ಇತ್ತ ತಿರುಗಿದಳು. ತುಟಿ ಮುಚ್ಚಿ, ದುಂಡಗಾಗಿ, ಅಗಲವಾಗಿ, ಮತ್ತೆ ದುಂಡಗಾಯಿತು.

ಮುನಿರಾಜು.

ಆ ತುಟಿಗಳು ನನ್ನ ಹೆಸರು ಹೇಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಕೊಡದೆ ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ಅವನಿಗೆ ಒಂದು ಬೆಳಗ್ಗೆ ಸುಮ್ಮನೆ ಕೊಟ್ಟುಬಿಟ್ಟಿದ್ದಳು. ಈ ಸಲ ಮಗ್ಗದ ಸ್ವಿಚ್ ಆರಿಸಿದವನು ನಾನು. ಸದ್ದು ನಿಂತಾಗ ಅವಳು ಕಣ್ಣು ತೆರೆದಳು.

"ನನ್ನ ಹೆಸರು ಹೇಳ್ದೆ."

"ಅಯ್ಯೋ, ನೋಡ್ಬಿಟ್ರಾ?"

"ನನ್ನೆದುರಿಗೆ ಒಂದಿನ ಹೇಳಿಲ್ಲ. ಅವ್ನ ಹತ್ರ ಹೇಳ್ತೀಯ."

"ಅಲ್ರೀ, 'ನಮ್ಮನೆಯವ್ರು' ಅಂದ್ರೆ ಅವ್ರಿಗೆ ಯಾರ ಮನೆಯವ್ರು ಅಂತ ಗೊತ್ತಾಗ್ಬೇಡ್ವಾ? ಊರ್ ತುಂಬಾ ಮನೆಯವ್ರೇ."

ನನಗೆ ನಗು ಬರಲಿಲ್ಲ. "ಏನಂತ ಹೇಳ್ದೆ?"

ಅವಳು ಸೆರಗಿನಿಂದ ಬೋಳು ತಲೆ ಒರೆಸಿಕೊಂಡಳು. "ನಂದು ಅವ್ರು ನೋಡ್ಕೊತಾರೆ, ಅದು ಬಿಟ್ಬಿಟ್ಟಿದೀನಿ. ನೀವು ಕನ್ನಡೀಲಿ ಮುಖ ನೋಡ್ಕೊಂಡಿದೀರಾ? ಅನ್ನ ಸೇರಲ್ಲ, ನಿದ್ದೆ ಇಲ್ಲ. ನಾನು ಹೋದ್ರೆ ಈ ಮನುಷ್ಯ ಏನಾಗ್ತಾನೋ ಅಂತ, ಅದೊಂದು ಬಿಡಕ್ಕಾಗ್ತಿಲ್ಲ. ಅದನ್ನೇ ಹೇಳ್ತಿದ್ದೆ."

ಅಂದರೆ ಎಲ್ಲವನ್ನೂ ಕೊಟ್ಟುಬಿಟ್ಟಿರಲಿಲ್ಲ. ಒಂದು ಉಳಿಸಿಕೊಂಡಿದ್ದಳು, ಅದು ನಾನು. ಎದೆ ತುಂಬಿ ಬಂತು. ಆದರೆ ನನ್ನ ಬುದ್ಧಿ ನೋಡಿ, ಸಂಜೆಯ ಹೊತ್ತಿಗೆ ಮತ್ತೆ ಉರಿ ಶುರು. ನನ್ನ ಬಗೆಗಿನ ಚಿಂತೆಯನ್ನೂ ನನ್ನ ಹತ್ತಿರ ಹೇಳಲಿಲ್ಲವಲ್ಲ!

ಸರ್ಜರಿಯ ದಿನ ಬಂತು. ಎಡ ಸ್ತನ ಪೂರ್ತಿ ತೆಗೆಯಬೇಕು ಎಂದಿದ್ದರು. ಸ್ಟ್ರೆಚರ್ ಮೇಲೆ ಮಲಗಿದವಳು ನನ್ನ ಕೈ ಸವರಿ "ಹೆದರ್ಕೋಬೇಡಿ" ಎಂದಳು. ಗ್ಯಾಸ್ ಆಫ್ ಮಾಡಿದೆನೋ ಎಂದು ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದ ಹೆಂಗಸು.

ಬಾಗಿಲು ಮುಚ್ಚಿತು.

ಸ್ಟೆಲ್ಲಮ್ಮ ಬಂದಿದ್ದರು. "ಪ್ರಾರ್ಥನೆ ಮಾಡೋಣ್ವಾ ಅಣ್ಣಾ?" ಎಂದರು. "ನೀವು ಮಾಡಿ" ಎಂದೆ. ಅವರು ಒತ್ತಾಯ ಮಾಡಲಿಲ್ಲ, ಕಾಫಿ ತರಲು ಕೆಳಗೆ ಹೋದರು. ಸಾಲು ಕುರ್ಚಿಯ ಕೊನೆಯಲ್ಲಿ ನಾನೊಬ್ಬನೇ. ಮನೆದೇವರನ್ನು ನೆನೆದೆ, ಅಪ್ಪ ಅಮ್ಮನನ್ನು ನೆನೆದೆ. ಆಮೇಲೆ ಆ ಯೇಸಪ್ಪನ ಸರದಿ ಬಂತು. ಪ್ರಾರ್ಥನೆ ಮಾಡುವ ರೀತಿ ನನಗೆ ಗೊತ್ತಿಲ್ಲ. ಜಗಳ ಆಡುವುದು ಗೊತ್ತು. ಮಗ್ಗದ ಮುಂದೆ ಕೂತಂತೆಯೇ ತುಟಿಯಲ್ಲೇ ಶುರು ಮಾಡಿದೆ.

ನೋಡಪ್ಪಾ, ನಾನು ನಿನ್ನ ಪೈಕಿ ಅಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಅದು ನಿನಗೂ ಗೊತ್ತಿರುತ್ತೆ. ಇಷ್ಟು ವರ್ಷ ಅವಳ ಗೋಳು ಕೇಳಿದವನು ನಾನು, ನಿದ್ದೆಗೆಟ್ಟವನು ನಾನು. ನೀನು ನಿನ್ನೆ ಮೊನ್ನೆ ಬಂದು ಎಲ್ಲ ಎತ್ತಿಕೊಂಡೆ. ಇರಲಿ, ಇಟ್ಟುಕೋ. ಅವಳು ಎಲ್ಲ ನಿನ್ನ ಹತ್ತಿರವೇ ಹೇಳಿಕೊಳ್ಳಲಿ. ಬದುಕಿರೋವರೆಗೂ ನನ್ನ ಹತ್ತಿರ ಒಂದು ಚಿಂತೆ ಹೇಳದೇ ಇದ್ದರೂ ಸರಿ. ಈ ಬಾಗಿಲಿಂದ ಜೀವಂತ ಆಚೆ ಕಳಿಸು. ಅವಳಿಲ್ಲದ ಮನೆಯ ಬೀಗ ತೆಗೆಯಕ್ಕೆ ನನ್ನ ಕೈಲಾಗಲ್ಲ.

ಇದನ್ನು ನಾನು ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ನನಗೆ ನಾನೂ ಹೇಳಿಕೊಂಡಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಒಳಗೆ ಏನೋ ಸಡಿಲವಾಯಿತು. ಉತ್ತರವೇನೂ ಬರಲಿಲ್ಲ. ಯಾರೋ ಪೂರ್ತಿ ಕೇಳಿಸಿಕೊಂಡರು ಅನ್ನಿಸಿತು, ಅಷ್ಟೇ. ಆಮೇಲೆ ನೆನಪಿರುವುದು ನರ್ಸ್ ಹುಡುಗಿ ಭುಜ ಅಲುಗಿಸಿದ್ದು.

"ಸಾರ್, ರತ್ನಮ್ಮ ಅಟೆಂಡರ್ ನೀವೇನಾ? ಸರ್ಜರಿ ಆಯ್ತು. ಚೆನ್ನಾಗಿದಾರೆ."

ನಿದ್ದೆ ಹೋಗಿದ್ದೆ. ಪಕ್ಕದಲ್ಲಿ ಕಾಫಿ ಆರಿಹೋಗಿತ್ತು.

ಮರುದಿನ ವಾರ್ಡಿನಲ್ಲಿ ರತ್ನ ಡ್ರೈನ್ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದಳು. ಎದೆಗೆ ಬಿಗಿಯಾಗಿ ಬ್ಯಾಂಡೇಜು. ಒಂದು ಪಕ್ಕ ಚಪ್ಪಟೆಯಾಗಿದ್ದು ಹೊದಿಕೆಯ ಮೇಲೂ ಕಾಣುತ್ತಿತ್ತು. ನಾನು ನೋಡದಂತೆ ನೋಡಿದೆ.

"ಗೊರಕೆ ಹೊಡೀತಿದ್ರಂತೆ? ಸ್ಟೆಲ್ಲಕ್ಕ ಹೇಳಿದ್ರು."

"ಹೂಂ."

"ನನ್ನ ಒಳಗೆ ಕೊಯ್ತಾ ಇದ್ರೆ ನಿಮಗೆ ನಿದ್ದೆ!" ಎಂದವಳು ಥಟ್ಟನೆ ಮಾತು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. "ನೀವೂ ಹೇಳ್ಕೊಂಡ್ರಾ?"

ನಾನು ಅವಳ ಹೊದಿಕೆ ಸರಿಮಾಡತೊಡಗಿದೆ.

"ಏನಂತ ಹೇಳ್ಕೊಂಡ್ರಿ?"

"ಹೇಳಲ್ಲ."

"ರೀ, ನನ್ನ ಹತ್ರ ಹೇಳ್ದೇ ಇರೋದು ಅವ್ರ ಹತ್ರ ಏನು ಹೇಳಿದ್ರಿ?" ಹುಬ್ಬು ಗಂಟಿಕ್ಕಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ತಿಂಗಳುಗಟ್ಟಲೆ ನನ್ನದೂ ಅದೇ ಆಗಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ರೇಡಿಯೇಷನ್ ಮುಗಿದಿದೆ. ಎಡಗೈ ಆಗಾಗ ಊದಿಕೊಳ್ಳುತ್ತದೆ, ಭಾರ ಎತ್ತುವಂತಿಲ್ಲ. ಈಗ ನೂಲು ಸುತ್ತುವವನೂ ನಾನೇ. ಕೂದಲು ಗುಂಗುರಾಗಿ ಬರುತ್ತಿದೆ. ಸದ್ಯಕ್ಕೆ ಕ್ಲಿಯರ್ ಎನ್ನುತ್ತಾರೆ ಡಾಕ್ಟರಮ್ಮ, "ಸದ್ಯಕ್ಕೆ" ಎನ್ನುವುದನ್ನು ಒತ್ತಿ ಹೇಳುತ್ತಾರೆ. ಭಾನುವಾರ ನಾನೂ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತೇನೆ. ಅವರ ಹಾಡು ನನಗೆ ಬರುವುದಿಲ್ಲ, ಮನೆದೇವರನ್ನು ಬಿಟ್ಟಿಲ್ಲ, ಅಕ್ಕನಿಗೆ ಎರಡೂ ಹೇಳಿದ್ದೇನೆ. ಮುಂದಿನ ಸಾಲಿನಲ್ಲಿ ರತ್ನ ಕಣ್ಣುಮುಚ್ಚಿ ತುಟಿ ಅಲುಗಿಸುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣದೊಂದು ಉರಿ ಏಳುತ್ತದೆ. ಆಗ ಅದನ್ನೂ ಅವನಿಗೇ ಹೇಳಿಬಿಡುತ್ತೇನೆ.

ಅವಳು ಬಿಟ್ಟಿಲ್ಲ. ಸ್ಕೂಟರಿನ ಹಿಂದೆ ಕೂತು, ಊಟಕ್ಕೆ ಬಡಿಸುತ್ತಾ, ಕೇಳುತ್ತಲೇ ಇರುತ್ತಾಳೆ. ಅವತ್ತು ಆಪರೇಷನ್ ಬಾಗಿಲ ಹತ್ರ ಏನಂತ ಕೇಳ್ಕೊಂಡ್ರಿ? ಮುಂದಿನ ಸ್ಕ್ಯಾನ್ ಆಗಲಿ, ಹೇಳ್ತೀನಿ ಎನ್ನುತ್ತೇನೆ. ಆ ಸ್ಕ್ಯಾನ್ ಆದ ಮೇಲೆ, ಅದರ ಮುಂದಿನದು ಆಗಲಿ ಎನ್ನುತ್ತೇನೆ. ಅದನ್ನು ಕೇಳುವುದಕ್ಕಾದರೂ ಅವಳು ಇರಬೇಕಲ್ಲ.